ದೊಡ್ಡ ಮುಳ್ಳು ಮೂರು ಮನೆ ಮುಂದೆ

"ನಾಳೆ ಆ ಡಬ್ಬಾ ಯಂತ್ರದ ಹಲ್ಲು ಉದುರಿಸದಿದ್ದರೆ ನನ್ನ ಹೆಸರು ಬದಲಾಯಿಸಿ!" ಎಂದು ಭಾನುವಾರ ಸಂಜೆ ತನ್ನ ಮನೆಯ ನಡುಕೋಣೆಯಲ್ಲಿ ನಿಂತು ಕರಾರುವಾಕ್ಕು ಘೋಷಿಸಿದ.

ಹೆಸರು ಬದಲಾಯಿಸುವ ಕೆಲಸವನ್ನು ಮಿಲ್ಲಿನವರು ಎಂದೋ ಮುಗಿಸಿಬಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬಟ್ಟೆ ಮಿಲ್ಲಿನ ಗೇಟಿನ ಪಕ್ಕದ ಟೈಮ್ ಆಫೀಸಿನಲ್ಲಿ ಕುರ್ಚಿ ಹಾಕಿಕೊಂಡು, ಬಲಗೈಯಲ್ಲಿ ಕೆಂಪು ಪೆನ್ನು, ಎಡಗೈಯಲ್ಲಿ ಮುತ್ತಜ್ಜನ ಕಾಲದ ಚಿನ್ನದ ಜೇಬುಗಡಿಯಾರ ಹಿಡಿದು ಕೂತ ಮನುಷ್ಯನನ್ನು ಇನ್ನೇನೆಂದು ಕರೆಯುತ್ತಾರೆ? ಬೆಳಗಿನ ಸೈರನ್ ಒತ್ತುವವನು ಅವನೇ, ಸಂಜೆಯ ಸೈರನ್ ಒತ್ತುವವನೂ ಅವನೇ. ಸೈರನ್ ನಿಂತ ಮೇಲೆ ಗೇಟಿನೊಳಗೆ ಕಾಲಿಟ್ಟವರ ಹೆಸರಿನ ಮುಂದೆ ಕೆಂಪು ಗುರುತು. ಕಾಲು ಒಳಗಿದ್ದು ಮೈ ಹೊರಗಿದ್ದರೂ ಕೆಂಪು ಗುರುತು. ಹೆರಿಗೆಗೆಂದು ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ, ಮಗುವಿನ ಮುಖ ನೋಡಿ, ಏದುಸಿರು ಬಿಡುತ್ತಾ ಓಡಿಬಂದ ಒಬ್ಬನಿಗೂ ಅವನು ಕೆಂಪು ಎಳೆದು, "ಮಗು ಸರಿಯಾದ ಸಮಯಕ್ಕೆ ಬಂತಲ್ಲ, ನಿನಗೇನು ರೋಗ?" ಎಂದು ಕೇಳಿದ್ದ. ಆ ಮಾತನ್ನು ಮಿಲ್ಲು ಮರೆತಿರಲಿಲ್ಲ.

ಈಗ ಆ ಕುರ್ಚಿಗೇ ಸಂಚಕಾರ ಬಂದಿತ್ತು. ಹೊಸದಾಗಿ ಬಂದ ಮ್ಯಾನೇಜರ್ ಒಂದು ಕಾರ್ಡಿನ ಯಂತ್ರ ತರಿಸಿದ್ದ. ಕೆಲಸಗಾರರು ಗೇಟಿನಲ್ಲಿ ತಮ್ಮ ಕಾರ್ಡನ್ನು ಅದರ ಬಾಯಿಗೆ ತೂರಿಸಿದರೆ ಅದು ಠಕ್ಕೆಂದು ಕಚ್ಚಿ ಸಮಯ ಒತ್ತಿ ಕೊಡುತ್ತದೆ. ಸರಿಯಾಗಿ ಬಂದವರಿಗೆ ನೀಲಿ, ತಡವಾಗಿ ಬಂದವರಿಗೆ ಕೆಂಪು. "ಅದಕ್ಕೆ ಸಿಟ್ಟು ಬರೋದಿಲ್ಲ, ಅದೇ ಅದರ ದೊಡ್ಡ ಗುಣ" ಎಂದು ಮ್ಯಾನೇಜರ್ ಎಲ್ಲರ ಮುಂದೆ ಹೇಳಿದ್ದ. ಕರಾರುವಾಕ್ಕಿಗೆ ಮೈಯೆಲ್ಲಾ ಉರಿದುಹೋಯಿತು. ಯಂತ್ರ ಬಂದದ್ದಕ್ಕಿಂತ ಆ ಮಾತು ಅವನಿಗೆ ಹೆಚ್ಚು ಚುಚ್ಚಿತ್ತು.

ಇಷ್ಟಕ್ಕೆಲ್ಲಾ ಕಾರಣ ಮಗ್ಗದ ವಿಭಾಗದ ಒಬ್ಬ ಹೆಂಗಸು. ನಾಲಿಗೆ ಅತ್ತಿಂದಿತ್ತ ಓಡುವ ವೇಗ ನೋಡಿ ಜನ ಅವಳನ್ನು ಲಾಳಿ ಎನ್ನುತ್ತಿದ್ದರು. "ಬೆಳಿಗ್ಗೆ ನಿಮ್ಮ ಸೈರನ್ ಸರಿಯಾಗೇ ಕೂಗುತ್ತೆ, ಸಂಜೆ ಮಾತ್ರ ಅದಕ್ಕೆ ಗಂಟಲು ಕಟ್ಟುತ್ತಲ್ಲ, ಯಾಕೆ?" ಎಂದು ಅವಳು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಳು. ಸಂಜೆಯ ಸೈರನ್ ದಿನಾ ಐದಾರು ನಿಮಿಷ ತಡವಾಗಿ ಕೂಗುತ್ತದೆ ಎಂಬುದು ಅವಳ ತಕರಾರು. ಮನೆಗೆ ಓಡುವ ಆತುರ ಇದ್ದವರಿಗೆ ಎಲ್ಲವೂ ತಡವೇ ಎಂದು ಕರಾರುವಾಕ್ಕು ಉತ್ತರ ಕೊಡುತ್ತಿದ್ದ, ಜೊತೆಗೆ ಆ ಪ್ರಶ್ನೆಗೇ ಒಂದು ಕೆಂಪು ಗುರುತನ್ನೂ ಎಳೆಯುತ್ತಿದ್ದ. ಲಾಳಿ ಈ ಸಲ ನೇರವಾಗಿ ಮ್ಯಾನೇಜರ್ ಹತ್ತಿರ ಹೋಗಿ ಬಾಯಿ ಬಿಟ್ಟಿದ್ದಳು. ಅವನು ಯಂತ್ರ ತರಿಸಿದ್ದ.

ಸರಿ, ಪಂಥ ಬಿತ್ತು. ಸೋಮವಾರ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಕರಾರುವಾಕ್ಕು ತನ್ನ ಗಡಿಯಾರ ನೋಡಿ ಸೈರನ್ ಒತ್ತಬೇಕು. ಪಕ್ಕದಲ್ಲೇ ಯಂತ್ರ. ಎರಡೂ ಹೊಂದಿದರೆ ಯಂತ್ರ ಬಂದ ಪೆಟ್ಟಿಗೆಯಲ್ಲೇ ವಾಪಸು. ಹೊಂದದಿದ್ದರೆ ಕರಾರುವಾಕ್ಕು ಕುರ್ಚಿ ಬಿಟ್ಟು ಗೋಡೌನಿನ ಕತ್ತಲಲ್ಲಿ ನೂಲಿನ ಉಂಡೆ ಕಾಯಬೇಕು. ಈ ಷರತ್ತು ಹಾಕಿದ್ದು ಮ್ಯಾನೇಜರ್ ಅಲ್ಲ, ಸ್ವತಃ ಕರಾರುವಾಕ್ಕು. ಸಿಟ್ಟು ಬಂದಾಗ ಅವನು ಇತರರಿಗಿಂತ ಮೊದಲು ತನ್ನ ಕಾಲಿಗೇ ಗುಂಡಿ ತೋಡಿಕೊಳ್ಳುತ್ತಿದ್ದ.

ಗಡಿಯಾರವಾದರೂ ಸಾಮಾನ್ಯದ್ದಲ್ಲ. ಅಂಗೈ ತುಂಬುವಷ್ಟು ಅಗಲ. ಮುಚ್ಚಳದ ಮೇಲೆ ಕಿರಣ ಬಿಟ್ಟ ಸೂರ್ಯ, ಒಳಗೆ ಹಾಲುಬಿಳುಪಿನ ಮುಖ, ಕೂದಲೆಳೆಯಷ್ಟು ಸಣ್ಣ ಮುಳ್ಳುಗಳು. ಮುಚ್ಚಳ ಟಕ್ಕೆಂದು ತೆರೆಯುವ ಸದ್ದಿಗೇ ಮಿಲ್ಲಿನ ಅರ್ಧ ಜನರ ಎದೆ ಧಸಕ್ಕೆನ್ನುತ್ತಿತ್ತು. ಇಂಥದ್ದು ಲೋಕದಲ್ಲಿ ಇನ್ನೊಂದಿಲ್ಲ ಎಂಬುದು ಅವನ ಜಂಭ, ಮತ್ತು ಅದು ಜಂಭವಾದರೂ ನಿಜವೇ ಆಗಿತ್ತು.

ಅದನ್ನು ಮಾಡಿದವನನ್ನು ಜನ ಮುಂಗೋಪಿ ಎಂದೇ ಕರೆಯುತ್ತಿದ್ದರಂತೆ. ಒಂದೊಂದು ಗಡಿಯಾರಕ್ಕೂ ವರ್ಷಗಟ್ಟಲೆ ಕೂತು, ಚಕ್ರದ ಒಂದೊಂದು ಹಲ್ಲನ್ನೂ ತಾನೇ ಅರದಿಂದ ಉಜ್ಜಿ ಮಾಡುತ್ತಿದ್ದ ಮನುಷ್ಯ. ಮಾಡಿ ಮುಗಿಸಿದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಪರೀಕ್ಷೆ. ಚೂರು ತಪ್ಪಿದರೂ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು! ಹಾಗೆ ಒಡೆಯುತ್ತಾ ಒಡೆಯುತ್ತಾ ಕೊನೆಗೆ ಉಳಿದದ್ದು ಇದೊಂದೇ. ಹೇಳಿದ ಹೊತ್ತಿಗೆ ಸರಿಯಾಗಿ ಅಂಗಡಿಗೆ ಬಂದ ಏಕೈಕ ಗಿರಾಕಿ ಎಂದು ಮೆಚ್ಚಿ, ಅವನು ಅದನ್ನು ಕರಾರುವಾಕ್ಕಿನ ಮುತ್ತಜ್ಜನಿಗೆ ಮಾರಿದನಂತೆ. ತಡವಾಗಿ ಬಂದವರನ್ನು ಗೇಟಿನಾಚೆ ನಿಲ್ಲಿಸಿಕೊಂಡು ಕರಾರುವಾಕ್ಕು ಈ ಕಥೆಯನ್ನು ಪೂರ್ತಿ ಹೇಳುತ್ತಿದ್ದ. ಕಥೆ ಮುಗಿಯುವಷ್ಟರಲ್ಲಿ ಅವರು ಇನ್ನಷ್ಟು ತಡವಾಗಿರುತ್ತಿದ್ದರು. ಸಿಟ್ಟಿಲ್ಲದವನ ಕೈಯಲ್ಲಿ ಸರಿಯಾದ ಸಮಯ ಹುಟ್ಟುವುದಿಲ್ಲ ಎಂಬುದು ಅವನ ಸಿದ್ಧಾಂತ. ಮುಂಗೋಪಿಯ ಗಡಿಯಾರದ ಜೊತೆ ಮುಂಗೋಪಿಯ ಕೋಪಕ್ಕೂ ತಾನೇ ವಾರಸುದಾರ ಎಂದು ಅವನು ಮನಸಾರೆ ನಂಬಿದ್ದ, ಮತ್ತು ಆ ಆಸ್ತಿಯನ್ನು ದಿನಾ ಧಾರಾಳವಾಗಿ ಖರ್ಚು ಮಾಡುತ್ತಿದ್ದ.

ಹೆಂಡತಿ ಇಸ್ತ್ರಿ ಮಾಡಿದ ಅಂಗಿಗಳನ್ನು ಮಡಿಸುತ್ತಿದ್ದಳು. ಘೋಷಣೆ ಕೇಳಿ ಕೈ ನಿಲ್ಲಿಸಿದಳು.

"ರೀ, ಬೇರೆ ಏನಾದ್ರೂ ಪಣಕ್ಕಿಡಿ. ಆ ಗಡಿಯಾರದ ಮೇಲೆ ಬೇಡ."

"ಯಾಕೆ ಬೇಡ?"

ಹೆಂಡತಿ ಅತ್ತೆಯ ಮುಖ ನೋಡಿದಳು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಸೂರು ನೋಡಿದಳು. ಟೈಪಿಂಗ್ ಪಾಠದ ಹಾಳೆಗಳನ್ನು ಹರಡಿಕೊಂಡು ಕೂತಿದ್ದ ಮಗಳು ತನ್ನ ಕಾಲುಗುರು ನೋಡಿಕೊಂಡಳು.

"ಹಳೇದಾಯ್ತಲ್ಲ, ಅದಕ್ಕೆ" ಎಂದಳು ಹೆಂಡತಿ.

ಅಷ್ಟೇ ಸಾಕಾಯಿತು. ಕರಾರುವಾಕ್ಕು ಎಗರಿ ಬಿದ್ದ. ಹಳೆಯದು ಅಂದರೇನು, ಹಳೆಯದು ಅಂದವರು ಯಾರು, ಹಳೆಯದರ ಬೆಲೆ ಗೊತ್ತಿದೆಯೇ, ತವರಿನಿಂದ ತಂದ ಆ ತುಕ್ಕುಹಿಡಿದ ಇಸ್ತ್ರಿಪೆಟ್ಟಿಗೆ ಹಳೆಯದಲ್ಲವೇ ಎಂದು ಶುರುವಾದ ಬೈಗುಳ, ಅವಳ ಅಣ್ಣನ ಮದುವೆಗೆ ಬಸ್ಸು ತಪ್ಪಿದ ವಿಷಯದವರೆಗೂ ಹೋಗಿ ತಿರುಗಿ ಬಂತು. ಕೊನೆಗೆ ಗೋಡೆ ಗಡಿಯಾರದತ್ತ ಕೈ ತೋರಿಸಿ, "ಅದೋ ನೋಡು, ಸಂಜೆ ಆದ್ರೆ ಓಡುತ್ತೆ, ಬೆಳಿಗ್ಗೆ ಆದ್ರೆ ಮಲಗುತ್ತೆ. ಈ ಮನೆಯಲ್ಲಿ ಸರಿಯಾಗಿ ನಡೆಯೋದು ಅಂದ್ರೆ ನನ್ನ ಗಡಿಯಾರ ಒಂದೇ!" ಎಂದು ಗುಡುಗಿದ. ಗೋಡೆ ಗಡಿಯಾರ ಪಾಪದ್ದು. ದಿನಾ ಸಂಜೆ ಅದು ಜೇಬುಗಡಿಯಾರಕ್ಕಿಂತ ಐದಾರು ನಿಮಿಷ ಮುಂದಿರುತ್ತಿತ್ತು ಎಂದು ಅವನು ಹಿಂದಕ್ಕೆ ತಳ್ಳುತ್ತಿದ್ದ. ಬೆಳಿಗ್ಗೆ ಅದು ಅಷ್ಟೇ ಹಿಂದಿರುತ್ತಿತ್ತು ಎಂದು ಮತ್ತೆ ಮುಂದಕ್ಕೆ ತಳ್ಳುತ್ತಿದ್ದ. ಎರಡು ಸಲವೂ ಬೈಯುತ್ತಿದ್ದ.

ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಅರ್ಧ ಮಡಿಸಿದಲ್ಲೇ ಕೆಳಗಿಟ್ಟಳು. ಅವಳ ದನಿ ಏರಲಿಲ್ಲ. ಅವಳಿಗೆ ನಿಜವಾಗಿ ಸಿಟ್ಟು ಬಂದಾಗ ದನಿ ಏರುತ್ತಿರಲಿಲ್ಲ.

"ಸರಿ. ನಾಳೆಯಿಂದ ನಿಮ್ಮ ಯಾವ ವಸ್ತೂನೂ ನಾನು ಮುಟ್ಟಲ್ಲ."

ಅಂಗಿಗೆ ಇಸ್ತ್ರಿಯಿಲ್ಲ, ಊಟದ ಡಬ್ಬಿಯಿಲ್ಲ ಎಂದು ಕರಾರುವಾಕ್ಕು ಅರ್ಥ ಮಾಡಿಕೊಂಡು, ಮುಟ್ಟದಿದ್ದರೆ ಬಿಡು ಎಂದು ದುಮುಗುಡುತ್ತಾ ಹೊರಗೆ ಹೋದ. ಆದರೆ ಆ ಮಾತು ಕೇಳಿ ಕುರ್ಚಿಯಲ್ಲಿದ್ದ ಅತ್ತೆಯ ಮುಖ ಸಣ್ಣಗಾಯಿತು. ಹಾಳೆಗಳ ನಡುವೆ ಮಗಳ ಕೈ ನಿಂತುಹೋಯಿತು.

ಇಲ್ಲಿ ಓದುವವರಿಗೆ ಒಂದು ಗುಟ್ಟು ಹೇಳದೆ ಮುಂದೆ ಹೋಗುವಂತಿಲ್ಲ. ಕರಾರುವಾಕ್ಕಿಗೆ ಮಾತ್ರ ಹೇಳಬೇಡಿ. ಲೋಕದಲ್ಲಿ ಇನ್ನೊಂದಿಲ್ಲದ ಆ ಚಿನ್ನದ ಗಡಿಯಾರ ಪ್ರತಿದಿನ ಕಾಲು ಗಂಟೆ ಹಿಂದೆ ಬೀಳುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ. ಹಿಂದೆ ಬೀಳುವುದರಲ್ಲಿ ಮಾತ್ರ ಅದು ನಿಜಕ್ಕೂ ಕರಾರುವಾಕ್ಕು! ಅದನ್ನು ದಿನಾ ಬೆಳಿಗ್ಗೆ ಸರಿಮಾಡುತ್ತಿದ್ದವಳು ಹೆಂಡತಿ. ಅವನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಮಲಗುವ ಕೋಣೆಯ ಕಪಾಟಿನಲ್ಲಿದ್ದ ಮಖಮಲ್ಲಿನ ಪೆಟ್ಟಿಗೆ ತೆರೆದು, ಗಡಿಯಾರದ ತಲೆಯ ಗುಂಡಿಯನ್ನು ಮೇಲಕ್ಕೆಳೆದು, ದೊಡ್ಡ ಮುಳ್ಳನ್ನು ಐದೈದು ನಿಮಿಷದ ಮೂರು ಮನೆ ಮುಂದೆ ತಳ್ಳಿ, ಪೆಟ್ಟಿಗೆ ಮುಚ್ಚಿಬಿಡುವುದು. ಯಾವ ಗಡಿಯಾರವನ್ನೂ ನೋಡುವ ಅಗತ್ಯವೇ ಇಲ್ಲ. ದಿನಾ ಅದು ಕಳೆದುಕೊಳ್ಳುವುದು ಅಷ್ಟೇ, ದಿನಾ ಇವರು ಕೊಡುವುದೂ ಅಷ್ಟೇ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಈ ಕೆಲಸವನ್ನು ಕಪಾಟಿನ ಕೀಲಿಯ ಜೊತೆಗೆ ಅವಳಿಗೆ ಒಪ್ಪಿಸಿದ್ದಳು. ಅತ್ತೆಗೆ ಅವಳ ಅತ್ತೆ ಒಪ್ಪಿಸಿದ್ದಳು. ಮಗಳು ಬಾಗಿಲ ಸಂದಿಯಿಂದ ನೋಡಿ ತಾನಾಗಿಯೇ ಕಲಿತಿದ್ದಳು. ಗಂಡಸರಿಗೆ ಹೇಳಿದರೆ ಆಗುವ ರಂಪ ನೆನೆಸಿಕೊಂಡು ಯಾರೂ ಬಾಯಿ ಬಿಟ್ಟಿರಲಿಲ್ಲ.

ಸ್ನಾನದಲ್ಲಿ ಹಾಡುವವರಿದ್ದಾರೆ, ಕರಾರುವಾಕ್ಕು ಬೈಯುವವನು. ಆ ದಿನ ಗೇಟಿನಲ್ಲಿ ಯಾರಿಗೆ ಏನೆನ್ನಬೇಕೆಂಬುದನ್ನು ತಲೆಗೆ ನೀರು ಸುರಿದುಕೊಳ್ಳುತ್ತಲೇ ಅಭ್ಯಾಸ ಮಾಡುತ್ತಿದ್ದ. ಬೈಗುಳ ಜೋರಾಗಿದ್ದಷ್ಟು ಹೊತ್ತು ಹೊರಗಿನವರು ನಿಶ್ಚಿಂತೆ. ಸೋಮವಾರ ಬೆಳಿಗ್ಗೆ ಅದು ಬಹಳ ಜೋರಾಗಿತ್ತು.

ಮೊದಲು ಎದ್ದು ಬಂದವಳು ತಾಯಿ. ಸೊಸೆ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾಳೆ, ಮಗನ ಮಾನ ಹೋಗಬಾರದು. ಕಣ್ಣು ಮಂಜಾಗಿದ್ದರೇನು, ಬೆರಳಿಗೆ ಲೆಕ್ಕ ಗೊತ್ತಿತ್ತು. ಮೂರು ಮನೆ ಮುಂದೆ. ಅವಳು ಆಚೆ ಹೋಗುವುದನ್ನೇ ಕಾಯುತ್ತಿದ್ದವಳ ಹಾಗೆ ಮಗಳು ಬಂದಳು. ಅಮ್ಮ ಮುಟ್ಟುವುದಿಲ್ಲ, ಅಜ್ಜಿಗೆ ಕಾಣುವುದಿಲ್ಲ, ಅಪ್ಪನನ್ನು ಉಳಿಸುವವರು ಇನ್ಯಾರು? ಮೂರು ಮನೆ ಮುಂದೆ. ಅವಳು ಪೆಟ್ಟಿಗೆ ಮುಚ್ಚಿ ಹಿತ್ತಲಿಗೆ ಓಡಿದಳು.

ಹೆಂಡತಿ ಅಡುಗೆಮನೆಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಮುಟ್ಟುವುದಿಲ್ಲ ಅಂದರೆ ಮುಟ್ಟುವುದಿಲ್ಲ. ಸರಿಯಾಗಿ ನಡೆಯುವುದು ಅದೊಂದೇ ಅಂತೆ, ನಡೆಯಲಿ. ಹೀಗೆಂದುಕೊಂಡು ಗಟ್ಟಿಯಾಗಿ ನಿಂತವಳಿಗೆ, ಕುರ್ಚಿ ಕಳೆದುಕೊಂಡ ಗಂಡ ಕಣ್ಣ ಮುಂದೆ ಬಂದ. ಇಷ್ಟು ದಿನ ಅವನ ಸಿಟ್ಟನ್ನು ಮಿಲ್ಲಿನವರೆಲ್ಲ ಹಂಚಿಕೊಳ್ಳುತ್ತಿದ್ದರು. ಗೋಡೌನಿನಲ್ಲಿ ನೂಲಿನ ಉಂಡೆಗಳ ಮೇಲೆ ಎಷ್ಟು ಹೊತ್ತು ರೇಗಾಡಲು ಸಾಧ್ಯ? ಉಳಿದದ್ದೆಲ್ಲ ಮನೆಗೇ ಬರುತ್ತದೆ! ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು. ಬಚ್ಚಲುಮನೆಯ ಚಿಲಕ ತೆಗೆಯುವ ಸದ್ದಿಗೂ ಅವಳು ಪೆಟ್ಟಿಗೆ ಮುಚ್ಚಿದ ಸದ್ದಿಗೂ ಅಂತರವೇ ಇರಲಿಲ್ಲ.

ಕರಾರುವಾಕ್ಕು ತಲೆ ಒರೆಸಿಕೊಳ್ಳುತ್ತಾ ಗಡಿಯಾರಕ್ಕೆ ಕೀಲಿ ಕೊಟ್ಟು ಮುಚ್ಚಳ ತೆರೆದ. ಟವೆಲು ಕೈಯಿಂದ ಜಾರಿತು.

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ಬಿರುಗಾಳಿ ಅನ್ನಬೇಕು. ನಡುಕೋಣೆಯ ಗೋಡೆ ಗಡಿಯಾರ ಅರ್ಧ ಗಂಟೆಗೂ ಮೇಲೆ ಹಿಂದಿತ್ತು. ಅಡುಗೆಮನೆಯ ಮೇಜಿನ ಗಡಿಯಾರವೂ ಹಿಂದಿತ್ತು. ಎರಡೂ ಸೇರಿ ತನ್ನ ವಿರುದ್ಧ ಸಂಚು ಮಾಡಿವೆ, ಅವಕ್ಕೆ ಮನೆಯವರ ಕುಮ್ಮಕ್ಕಿದೆ, ಎಲ್ಲರೂ ಸೇರಿ ತನ್ನನ್ನು ಗೋಡೌನಿಗೆ ಅಟ್ಟಲು ನಿಂತಿದ್ದೀರಿ ಎಂದು ಕೂಗಾಡುತ್ತಾ ಎರಡರ ಮುಳ್ಳನ್ನೂ ತಿರುವಿದ. ಅಂಗಿಯ ಮೊದಲ ಗುಂಡಿ ಎರಡನೇ ತೂತಿಗೆ ಹೋಯಿತು. ಚಹಾ ಕುಡಿಯಲಿಲ್ಲ. ಬಾಗಿಲು ಧಡಾರೆಂದು ಬಡಿದು ಓಡಿದ. ರೇಡಿಯೋದಲ್ಲಿ ಬೆಳಗಿನ ವಾರ್ತೆ ಇನ್ನೂ ಬಂದಿರಲಿಲ್ಲ, ಆದರೆ ಅದನ್ನು ಗಮನಿಸುವ ಪುರುಸೊತ್ತು ಯಾರಿಗಿತ್ತು? ಮೂವರು ಹೆಂಗಸರೂ ಒಳಗೊಳಗೇ ತಾನೆಲ್ಲಿ ತಪ್ಪಿದೆ ಎಂದು ಯೋಚಿಸುತ್ತಾ ಮೂರು ಕಡೆ ಸುಮ್ಮನೆ ನಿಂತಿದ್ದರು.

ಮಿಲ್ಲಿನ ಗೇಟಿನಲ್ಲಿ ಕಾವಲುಗಾರ ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ್ದ. ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಮ್ಯಾನೇಜರ್ ಇಲ್ಲ, ಒಬ್ಬ ಕೆಲಸಗಾರನೂ ಇಲ್ಲ. ಪಂಥ ಕಟ್ಟಿದವನೇ ತಡ! ಕರಾರುವಾಕ್ಕಿಗೆ ಸಿಟ್ಟೂ ಸಂತೋಷವೂ ಒಟ್ಟಿಗೇ ಉಕ್ಕಿದವು. ಕಾವಲುಗಾರನನ್ನು ಎಬ್ಬಿಸಿ, ಬೈದು, ಮುಳ್ಳು ಸರಿಯಾದ ಮನೆಗೆ ಬಂದ ಕ್ಷಣಕ್ಕೆ ಸೈರನ್ ಒತ್ತಿದ. ಎಂದಿಗಿಂತ ಉದ್ದವಾಗಿ ಒತ್ತಿದ. ಊರಿಗೆಲ್ಲಾ ಕೇಳಲಿ ಎಂದು ಒತ್ತಿದ.

ಊರಿಗೆಲ್ಲಾ ಕೇಳಿತು. ಆ ಊರು ಎದ್ದು ಕೂರುವುದೇ ಮಿಲ್ಲಿನ ಸೈರನ್‌ ನೆಚ್ಚಿಕೊಂಡು. ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಮುಗಿಸಿಕೊಂಡಿದ್ದ ಗಿರಾಕಿ ಇನ್ನೊಂದು ಕೆನ್ನೆಯ ನೊರೆಯ ಸಮೇತ ಬೀದಿಗೆ ಜಿಗಿದ. ಬ್ರೆಡ್ಡಿನವನು ಅರೆಬೆಂದ ಬ್ರೆಡ್ಡನ್ನು ಒಲೆಯಿಂದ ಹೊರಗೆಳೆದ. ಬಸ್ಸು ಪ್ರಯಾಣಿಕರನ್ನು ಬಿಟ್ಟು ಹೊರಟಿತು, ಪ್ರಯಾಣಿಕರು ಬಸ್ಸಿನ ಹಿಂದೆ ಹೊರಟರು. ಮಿಲ್ಲಿನ ಬೀದಿಯಲ್ಲಂತೂ ಒಂದು ಕಾಲಿಗೆ ಚಪ್ಪಲಿ ಹಾಕಿದವರು, ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡವರು, ಬೇರೆಯವರ ಊಟದ ಡಬ್ಬಿ ಹಿಡಿದವರು, ಎಲ್ಲರೂ ಗೇಟಿನತ್ತ ಓಡಿ ಬಂದರು.

ಅವನು ಪೆನ್ನು ಬಿಚ್ಚಿಕೊಂಡು ಕಾಯುತ್ತಿದ್ದ. ಒಬ್ಬೊಬ್ಬರಿಗೂ ಕೆಂಪು. ಎಲ್ಲರಿಗೂ ಗೇಟಿನಾಚೆಯೇ ನಿಲ್ಲುವ ಶಿಕ್ಷೆ. ಯಾವತ್ತೂ ಎಲ್ಲರಿಗಿಂತ ಮೊದಲು ಬರುವ ಲಾಳಿ ಕೂಡ ಒದ್ದೆ ಕೂದಲಲ್ಲಿ ಬಂದಾಗ ಅವನ ಮುಖ ಅರಳಿತು. "ಇವತ್ತು ನಿಮ್ಮ ಗಂಟಲು ಯಾಕೆ ಕಟ್ಟಿದೆ?" ಎಂದು ಕೇಳಿ ಅವಳಿಗೆ ಎರಡು ಗೆರೆ ಎಳೆದ. ಇಡೀ ಮಿಲ್ಲು ಬೀದಿಯಲ್ಲಿ, ಒಳಗೆ ಅವನೊಬ್ಬನೇ! ಅಷ್ಟರಲ್ಲಿ ಚಿಮಣಿಯ ಕಡೆ ಕಣ್ಣು ಹೋಯಿತು. ದಿನಾ ಸೈರನ್ ಹೊತ್ತಿಗೆ ಚಿಮಣಿಯ ತುದಿ ದಾಟಿರುತ್ತಿದ್ದ ಸೂರ್ಯ ಇನ್ನೂ ನಡುವಿನಲ್ಲೇ ಏರುತ್ತಿದ್ದ. ಸೂರ್ಯನಿಗೂ ಇವತ್ತು ತಡ. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲವಾಗಿ ಬಚಾವಾದ.

ಆಗ ಮಿಲ್ಲಿನ ಹಿಂದಿನ ಹಳಿಯ ಮೇಲೆ ಬೆಳಗಿನ ರೈಲು ಸಿಳ್ಳೆ ಹಾಕಿಕೊಂಡು ಹೋಯಿತು. ಗೇಟಿನಾಚೆಯ ಜನ ಒಮ್ಮೆಲೇ ಹಳಿಯತ್ತ ತಿರುಗಿದರು. ಅದು ದಿನಾ ಸೈರನ್‌ಗೆ ಮುಂಚೆ ಹೋಗುವ ರೈಲು.

ಅದರ ಹಿಂದೆಯೇ ಮ್ಯಾನೇಜರ್ ಬಂದ. ಬೀದಿ ತುಂಬಾ ನಿಂತ ತನ್ನ ಕೆಲಸಗಾರರನ್ನು ನೋಡಿ ಗಾಬರಿಯಾಗಿ, ಏನು ಎತ್ತ ಎಂದು ಕೇಳಿಕೊಂಡು, ಯಂತ್ರದ ಮೇಲಿನ ಬಟ್ಟೆ ಎಳೆದ. ಯಂತ್ರದ ಪ್ರಕಾರ ಸೈರನ್‌ಗೆ ಇನ್ನೂ ಸಮಯವಿತ್ತು. ಕರಾರುವಾಕ್ಕು ಯಂತ್ರ ಸುಳ್ಳು ಅಂದ. ಮ್ಯಾನೇಜರ್ ತನ್ನ ಕೈಗಡಿಯಾರ ತೋರಿಸಿದ. ಅದೂ ಸುಳ್ಳು. ಬೀದಿಯ ಕೊನೆಯ ಅಂಚೆ ಕಚೇರಿಯ ಗೋಪುರ? ಅದು ಮೊದಲಿನಿಂದಲೂ ಸುಳ್ಳು. ರೈಲು? ರೈಲಿನವರಿಗೆ ಶಿಸ್ತು ಎಲ್ಲಿಂದ ಬರಬೇಕು ಎಂದು ಅವನು ಕೆಂಡವಾದ.

"ಮನೆಯಲ್ಲಿ ಯಾರಾದ್ರೂ ಅದನ್ನ ಮುಟ್ಟಿದ್ರಾ?" ಎಂದು ಮ್ಯಾನೇಜರ್ ಮೆಲ್ಲಗೆ ಕೇಳಿದ.

"ನನ್ನ ಮನೆಯಲ್ಲಿ ಅದನ್ನ ಮುಟ್ಟೋ ಧೈರ್ಯ ಯಾರಿಗೂ ಇಲ್ಲ."

"ಹಾಗಾದ್ರೆ ನಿಮ್ಮ ಸಿಟ್ಟಿಗೆ ಹೆದರಿ ತಾನಾಗೇ ಓಡಿರಬೇಕು" ಎಂದಳು ಲಾಳಿ.

ಬೀದಿಗೆ ಬೀದಿಯೇ ನಕ್ಕಿತು. ಹಿಂದೊಮ್ಮೆ ಹೆರಿಗೆ ಆಸ್ಪತ್ರೆಯಿಂದ ಓಡಿಬಂದಿದ್ದ ಆ ಮನುಷ್ಯನಂತೂ ಕಂಬ ಹಿಡಿದುಕೊಂಡು ನಕ್ಕ. ಮ್ಯಾನೇಜರ್ ಕುರ್ಚಿಯನ್ನು ತಾನೇ ಎತ್ತಿ ಯಂತ್ರದ ಕಾಲಿಗೆ ಅಡ್ಡ ಬರದಂತೆ ಪಕ್ಕಕ್ಕಿಟ್ಟ. ಅಷ್ಟೇ ಮಾಡಿದ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕರಾರುವಾಕ್ಕು ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದು ನೇರ ಮನೆಗೆ ಹೊರಟ. ಹಿಂದಿನಿಂದ ಸರಿಯಾದ ಸಮಯಕ್ಕೆ ಸೈರನ್ ಕೂಗಿತು. ಅದನ್ನು ಒತ್ತಿದ್ದು ಕಾವಲುಗಾರ.

"ಯಾರು ಮುಟ್ಟಿದ್ದು?" ಎಂದು ಅವನು ಹೊಸ್ತಿಲಲ್ಲೇ ಕೂಗಿದ.

"ನಾನು" ಎಂದಳು ಹೆಂಡತಿ. ಅವಳು ಅಡಗಲಿಲ್ಲ, ಅಳುಕಲಿಲ್ಲ.

"ನಾನೂ" ಎಂದಳು ಮೂಲೆಯ ಕುರ್ಚಿಯಿಂದ ತಾಯಿ.

"ನಾನೂ, ಅಪ್ಪಾ" ಎಂದಳು ಮಗಳು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳು ಬೆರಳು ಮಡಿಸಿ ಲೆಕ್ಕ ಹಾಕಿ, ಹಣೆ ಚಚ್ಚಿಕೊಂಡಳು. ಅತ್ತೆ ಸೊಸೆಗೆ, ಮುಟ್ಟಲ್ಲ ಅಂದವಳು ಯಾಕೆ ಮುಟ್ಟಿದೆ ಎಂದಳು. ಸೊಸೆ ಅತ್ತೆಗೆ, ಕಣ್ಣು ಕಾಣದವರು ನೀವ್ಯಾಕೆ ಮುಟ್ಟಿದಿರಿ ಎಂದಳು. ಮಧ್ಯದಲ್ಲಿ ನಿಂತ ಕರಾರುವಾಕ್ಕು ಇದೇನು ಊರ ಸಂತೆಯೇ, ಕಂಡಕಂಡವರೆಲ್ಲ ಬಂದು ತಿರುಗಿಸಿ ಹೋಗಲು ಎಂದು ಕಿರುಚಿದ. ಆಗ ಹೆಂಡತಿ ಅವನತ್ತ ತಿರುಗಿದಳು. ಕಾಲು ಗಂಟೆಯ ವಿಷಯ, ಮೂರು ಮನೆಯ ವಿಷಯ, ಸ್ನಾನದ ಹೊತ್ತಿನ ವಿಷಯ, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿ ಮುಗಿಸಿದಳು.

"ಸುಳ್ಳು" ಎಂದ ಅವನು.

"ಮದುವೆಯಾಗಿ ಬಂದಾಗಿನಿಂದ ಒಂದು ದಿನ ಬಿಟ್ಟಿಲ್ಲ. ಜ್ವರ ಬಂದಾಗ ಗೋಡೆ ಹಿಡ್ಕೊಂಡು ಹೋಗಿ ತಿರುಗಿಸಿದೀನಿ. ಇವಳು ಹೊಟ್ಟೇಲಿದ್ದಾಗ ನೋವು ತಿನ್ನುತ್ತಾ ತಿರುಗಿಸಿದೀನಿ. ಈ ಊರಿಗೆಲ್ಲಾ ದಿನಾ ಬೆಳಿಗ್ಗೆ ಸರಿಯಾದ ಗಂಟೆ ಕೊಟ್ಟವಳು ನಾನು. ನೀವು ಕೊಟ್ಟಿದ್ದು ಕೆಂಪು ಗುರುತು." ಅವಳ ಕಣ್ಣು ಕೆಂಪಗಾಗಿತ್ತು. "ನಿನ್ನೆ ಏನಂದ್ರಿ? ಈ ಮನೆಯಲ್ಲಿ ಸರಿಯಾಗಿ ನಡೆಯೋದು ಅದೊಂದೇ ಅಂತ. ಅಲ್ವಾ?"

ಸೋತಾಗ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಮೆಟ್ಟಿಲ ಕೆಳಗಿನ ಡಬ್ಬಿಯಿಂದ ಸುತ್ತಿಗೆ ಎಳೆದು ತಂದ. ಗಡಿಯಾರವನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟ. ಮುಂಗೋಪಿ ಏನು ಮಾಡುತ್ತಿದ್ದನೋ ಅದನ್ನೇ ಮಾಡುತ್ತೇನೆ, ತಪ್ಪು ಸಮಯ ತೋರಿಸುವ ಗಡಿಯಾರ ಈ ಲೋಕದಲ್ಲಿ ಇರಬಾರದು ಎಂದು ಸುತ್ತಿಗೆ ಎತ್ತಿದ.

"ಹೊಡಿ" ಎಂದಳು ತಾಯಿ. "ಅವನೂ ಹೀಗೇ ಒಡೆದು ಹಾಕಿದ್ದು ಕಣೋ. ಆದ್ರೆ ಅವನು ಒಡೆದದ್ದು ಒಳ್ಳೇ ಗಡಿಯಾರಗಳನ್ನ."

ಸುತ್ತಿಗೆ ಗಾಳಿಯಲ್ಲೇ ನಿಂತಿತು. ತಾಯಿ ಕುರ್ಚಿಯಿಂದ ಏಳದೆ ಹೇಳುತ್ತಾ ಹೋದಳು. ಮುಂಗೋಪಿ ಮೊಟ್ಟಮೊದಲು ಮಾಡಿದ ಚಿನ್ನದ ಗಡಿಯಾರ ಇದು. ದಿನಾ ಕಾಲು ಗಂಟೆ ಹಿಂದೆ ಬೀಳುತ್ತಿತ್ತು. ಗೊತ್ತಾದರೆ ಒಡೆದುಬಿಡುತ್ತಾನೆ, ವರ್ಷಗಳ ದುಡಿಮೆ ಮಣ್ಣುಪಾಲು ಎಂದು ಅವನ ಹೆಂಡತಿ ಬೆಳಿಗ್ಗೆ ಅವನು ಏಳುವ ಮುಂಚೆ ಮುಳ್ಳನ್ನು ಮೂರು ಮನೆ ಮುಂದೆ ತಳ್ಳುತ್ತಿದ್ದಳು. ಬೆಳಿಗ್ಗೆ ನೋಡಿದಾಗಲೆಲ್ಲಾ ಸರಿಯಾಗಿದ್ದದ್ದಕ್ಕೆ ಅವನು ಹಿಗ್ಗಿದ. ಲೋಕದಲ್ಲೇ ಸರಿಯಾದ ಗಡಿಯಾರ ಇದೊಂದೇ ಎಂದು ತೀರ್ಮಾನ ಮಾಡಿದ. ಅಲ್ಲಿಂದ ಮುಂದೆ ಹೊಸದಾಗಿ ಮಾಡಿದ ಪ್ರತಿಯೊಂದನ್ನೂ ಇದರ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿದ. ಸಂಜೆಯ ಹೊತ್ತಿಗೆ ಅವೆಲ್ಲ ಇದಕ್ಕಿಂತ ಮುಂದಿರುತ್ತಿದ್ದವು. ಸರಿಯಾಗಿ ನಡೆದ ಒಂದೊಂದನ್ನೂ ಅವನು ಕಲ್ಲಿನ ಮೇಲಿಟ್ಟು ಕುಟ್ಟಿದ. ಹೇಳೋಣವೆಂದರೆ ಹೆಂಡತಿಗೆ ಭಯ. ಕೊನೆಗೆ ಅದು ಮಾರಾಟವಾದಾಗಲೇ ಅವಳಿಗೆ ಉಸಿರು ಬಂದದ್ದು. ಅದೇ ಮಧ್ಯಾಹ್ನ ಅವಳು ಹಿತ್ತಲ ಬಾಗಿಲಿಂದ ಬಂದು ಮುತ್ತಜ್ಜಿಯ ಕೈ ಹಿಡಿದುಕೊಂಡು ಮೂರು ಮನೆಯ ಲೆಕ್ಕ ಹೇಳಿಕೊಟ್ಟು ಹೋದಳು.

"ಗಂಡಸರಿಗೆ ಹೇಳ್ಬೇಡಿ, ಒಡೆದುಬಿಡ್ತಾರೆ ಅಂದಿದ್ದಳಂತೆ" ಎಂದಳು ತಾಯಿ. "ಹೊಡಿ ಮತ್ತೆ. ಯಾಕೆ ನಿಲ್ಲಿಸಿದೆ?"

ಕರಾರುವಾಕ್ಕು ಸುತ್ತಿಗೆಯನ್ನು ಕೆಳಗಿಳಿಸಿದ. ಕಿವಿಯಲ್ಲಿ ಲಾಳಿಯ ಪ್ರಶ್ನೆ ಕೇಳಿಸುತ್ತಿತ್ತು. ಸಂಜೆ ಗಂಟಲು ಕಟ್ಟುವುದು ಯಾಕೆ ಎಂದು ಅವಳು ಕೇಳಿದಾಗಲೆಲ್ಲಾ ಎಳೆದ ಕೆಂಪು ಗೆರೆಗಳು ಸಾಲಾಗಿ ಕಣ್ಣ ಮುಂದೆ ನಿಂತವು. ಸರಿಯಾಗಿ ನಡೆದವರನ್ನೆಲ್ಲ ಅವನೂ ಕುಟ್ಟಿದ್ದ. ಸಿಟ್ಟು ಇನ್ನೂ ಮೈತುಂಬ ಇತ್ತು, ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದು ಎಂದು ಸುತ್ತ ನೋಡಿದರೆ ಯಾರೂ ಸಿಗಲಿಲ್ಲ. ಹೊಸ್ತಿಲ ಮೇಲೆ ಅವನೊಬ್ಬನೇ ಇದ್ದ. ಕ್ಷಮಿಸು ಎಂಬ ಮಾತು ಗಂಟಲವರೆಗೆ ಬಂತು. ಅಭ್ಯಾಸವಿಲ್ಲದ್ದರಿಂದ ಅಲ್ಲೇ ಸಿಕ್ಕಿಕೊಂಡಿತು.

ಮರುದಿನ ಅವನು ಬೈಯದೆ ಸ್ನಾನ ಮಾಡಿದ. ಎಂದಿಗಿಂತ ಉದ್ದನೆಯ ಸ್ನಾನ. ನೀರು ಮುಗಿದ ಮೇಲೂ ಖಾಲಿ ಬಕೆಟ್ಟಿನಲ್ಲಿ ಚೊಂಬು ಆಡಿಸುತ್ತಾ ನಿಂತಿದ್ದ. ಬೇಕಾದಷ್ಟು ಹೊತ್ತು ಕೊಟ್ಟಿದ್ದೇನೆ, ಅವಳು ಸದ್ದಿಲ್ಲದೆ ಬಂದು ತಿರುಗಿಸಿಯೇ ಇರುತ್ತಾಳೆ ಎಂಬ ನಂಬಿಕೆ. ಹೊರಗೆ ಬಂದು ಗಡಿಯಾರವನ್ನು ಜೇಬಿಗಿಳಿಸಿ ಠೀವಿಯಿಂದ ಮಿಲ್ಲಿಗೆ ಹೋದ. ಗೇಟಿನಲ್ಲಿ ಅವನ ಹೆಸರಿನ ಹೊಸ ಕಾರ್ಡು ಕಾದಿತ್ತು. ಗೋಡೌನಿಗೆ ಹೋಗುವವನೂ ಈಗ ಕಾರ್ಡು ತೂರಿಸಬೇಕು. ತೂರಿಸಿದ. ಯಂತ್ರ ಠಕ್ಕೆಂದು ಕಚ್ಚಿ ವಾಪಸು ಕೊಟ್ಟಿತು.

ಕೆಂಪು.

ನಿನ್ನೆಯ ಅರ್ಧ ಗಂಟೆಯ ಮುಂಗಡ ಇದ್ದರೂ ಕೆಂಪು ಹೇಗೆ ಎಂದು ಕೇಳಬಹುದು. ಅದನ್ನು ಅವನೇ ಹಿಂದಿನ ಸಂಜೆ, ಎಲ್ಲರೂ ಮುಖ ಊದಿಸಿಕೊಂಡು ಕೂತಿದ್ದಾಗ, ರೇಡಿಯೋದ ವಾರ್ತೆಗೆ ಸರಿಹೊಂದಿಸಿಟ್ಟಿದ್ದ. ಬೆಳಗಾಗುವಷ್ಟರಲ್ಲಿ ಗಡಿಯಾರ ತನ್ನ ಪಾಡಿಗೆ ಹಿಂದೆ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಹೆರಿಗೆಯ ದಿನ ಕೆಂಪು ಗುರುತು ತಿಂದಿದ್ದ ಮನುಷ್ಯ ಕಾರ್ಡಿನತ್ತ ಇಣುಕಿ ನೋಡಿ, "ಗಡಿಯಾರ ಸರಿಯಾದ ಸಮಯಕ್ಕೆ ಹೊರಟಿತಲ್ಲ, ನಿಮಗೇನು ರೋಗ?" ಎಂದು ಕೇಳಿದ. ಲಾಳಿಯೇ ಅವನನ್ನು ಗದರಿಸಿ ಒಳಗೆ ಕಳಿಸಿದಳು. ಅದು ಕರಾರುವಾಕ್ಕಿಗೆ ಹಿಂದಿನ ದಿನದ ನಗುವಿಗಿಂತ ಹೆಚ್ಚು ಉರಿ ತಂದಿತು.

ಸಂಜೆ ಮನೆಗೆ ಬಂದಾಗ ತಲೆ ತುಂಬಾ ನೂಲಿನ ಎಳೆಗಳಿದ್ದವು. ಗೋಡೆ ಗಡಿಯಾರ ನಿಂತಿತ್ತು. ಎರಡು ದಿನದಿಂದ ಅದಕ್ಕೆ ಕೀಲಿ ಕೊಟ್ಟವರಿರಲಿಲ್ಲ. ಅಡುಗೆಮನೆಯದ್ದು ಅವನೇ ತಿರುವಿಟ್ಟ ಸುಳ್ಳನ್ನು ಇನ್ನೂ ಹೇಳುತ್ತಿತ್ತು. ಜೇಬಿನಲ್ಲಿದ್ದದ್ದನ್ನು ಹೊರತೆಗೆಯುವ ಧೈರ್ಯ ಅವನಿಗಾಗಲಿಲ್ಲ. ಹೆಂಡತಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು, ಮಗಳ ಅಂಗಿಗೆ. ಅವನು ಬಾಗಿಲಲ್ಲೇ ನಿಂತ. ಆ ಮನುಷ್ಯ ತನ್ನ ಜನ್ಮದಲ್ಲಿ ಯಾರನ್ನೂ ಕೇಳದ ಒಂದು ಪ್ರಶ್ನೆಯನ್ನು, ಬಹಳ ಮೆತ್ತಗಿನ ದನಿಯಲ್ಲಿ, ಅವಳನ್ನು ಕೇಳಿದ.

"ಗಂಟೆ ಎಷ್ಟಾಯ್ತೇ?"

ಅವಳು ತಲೆ ಎತ್ತಲಿಲ್ಲ. ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎಳೆಯುತ್ತಾ ಹೇಳಿದಳು.

"ನಿಮಗೆ ಎಷ್ಟು ಬೇಕು?"